ಜನವರಿಯಲ್ಲಿ ಅಥೆನ್ಸ್: ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಮೈಸೂರಿನ ಮಗಳು · ಅಕ್ಟೋಬರ್ 9

ಎಲ್ಲರಿಗೂ ನಮಸ್ಕಾರ. ಅಪ್ಪ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಗ್ರೀಕರ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಅಥೆನ್ಸಿನ ಪಾರ್ಥೆನಾನ್ ಗುಡಿ ಬರೆದು, ಮುಂದುಗಡೆ ಎಂಟು ಕಂಬ, ಪಕ್ಕಕ್ಕೆ ಹದಿನೇಳು ಎಂದು ಮಕ್ಕಳ ಕೈಲಿ ಎಣಿಸುತ್ತಿದ್ದರಂತೆ. ಅವರು ಒಮ್ಮೆಯೂ ದೇಶದ ಆಚೆ ಕಾಲಿಟ್ಟವರಲ್ಲ. ಆ ಕಂಬಗಳ ಹತ್ತಿರ ಅವರನ್ನು ನಿಲ್ಲಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ನನಗೆ ರಜೆ ಸಿಗೋದು ಜನವರಿ ಮೊದಲ ಎರಡು ವಾರ ಮಾತ್ರ. ಅಪ್ಪನಿಗೆ 68, ಗಟ್ಟಿಯಾಗಿದ್ದಾರೆ. ಅಮ್ಮನಿಗೆ 63, ಎಡಗಾಲಿನ ಮಂಡಿನೋವು ಇದೆ, ನಿಧಾನಕ್ಕೆ ನಡೀತಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. "ಚಳಿಗಾಲದಲ್ಲಿ ಅಲ್ಲಿ ಎಲ್ಲಾ ಬಾಗಿಲು ಹಾಕಿರುತ್ತೆ, ದುಡ್ಡು ದಂಡ" ಅಂತ ಟ್ರಾವೆಲ್ಸ್‌ನವರು ಹೇಳಿದರು. ನಿಜವೇ? ಸ್ಯಾಂಟೊರಿನಿ ದ್ವೀಪ ಎರಡು ದಿನ ಸೇರಿಸಬಹುದೇ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಪಿರೇಯಸ್‌ನಿಂದ ಕಾರ್ಕಳದವ · ಅಕ್ಟೋಬರ್ 9

ಖಂಡಿತ ಕರೆದುಕೊಂಡು ಬನ್ನಿ. ನಾನು ಹಡಗಿನ ಕೆಲಸದ ಮೇಲೆ ಇಲ್ಲಿ, ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ, ಒಂಬತ್ತು ಚಳಿಗಾಲ ಕಳೆದವ. ಬಾಗಿಲು ಹಾಕುವುದು ದ್ವೀಪಗಳು, ಅಥೆನ್ಸ್ ಅಲ್ಲ. ಇದು ಲಕ್ಷಾಂತರ ಜನ ವರ್ಷವಿಡೀ ಬದುಕುವ ಊರು. ಬೇಸಿಗೆಯಲ್ಲಿ ಊರಿನವರು ದ್ವೀಪಕ್ಕೋ ಹಳ್ಳಿಗೋ ಹೋಗಿಬಿಡುತ್ತಾರೆ, ಆಗಸ್ಟ್‌ನಲ್ಲಿ ನಮ್ಮ ಬೀದಿಯ ಅರ್ಧ ಅಂಗಡಿಗೆ ಬೀಗ. ಜನವರಿಯಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆ. ಹಾಗಾಗಿ "ಸೀಸನ್ ಅಲ್ಲ" ಅನ್ನುವ ಮಾತು ಪ್ರವಾಸಿಗಳ ಲೆಕ್ಕಕ್ಕೆ ಸರಿ, ಊರಿನ ಲೆಕ್ಕಕ್ಕೆ ತಪ್ಪು.

ನಮ್ಮವರು ಒಂದು ವಿಷಯ ಮೊದಲು ತಿಳಿದುಕೊಳ್ಳಬೇಕು. ನಮಗೆ ಮಳೆಗಾಲ, ಚಳಿಗಾಲ, ಬೇಸಿಗೆ ಮೂರೂ ಬೇರೆ ಬೇರೆ. ಮೆಡಿಟರೇನಿಯನ್ ಕರಾವಳಿಯಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಬೇಸಿಗೆಯಲ್ಲಿ ವಾಯುಭಾರ ಜಾಸ್ತಿಯಿರುವ ಒಣಗಾಳಿಯ ವಲಯ ಇಲ್ಲಿಯ ತನಕ ಹಬ್ಬಿ ಮೋಡವನ್ನು ದೂರ ಇಡುತ್ತದೆ. ಚಳಿಗಾಲಕ್ಕೆ ಆ ವಲಯ ದಕ್ಷಿಣಕ್ಕೆ ಸರಿದು, ಪಶ್ಚಿಮದಿಂದ ಮಳೆ ಹೊತ್ತ ಗಾಳಿ ನುಗ್ಗುತ್ತದೆ. ಹಾಗಂತ ನಮ್ಮ ಆಟಿ ತಿಂಗಳ ಮಳೆಯನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಅಥೆನ್ಸ್‌ಗೆ ಇಡೀ ವರ್ಷ ಬೀಳುವುದು ಸುಮಾರು 400 ಮಿಲಿಮೀಟರ್, ಕಾರ್ಕಳದ ಮಳೆಯ ಹತ್ತನೇ ಒಂದು ಪಾಲೂ ಅಲ್ಲ. ಒಂದು ದಿನ ಸುರಿದು ಮರುದಿನ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಜುಲೈಯಲ್ಲಿ ಒಣಹುಲ್ಲಿನ ಬಣ್ಣದ ಗುಡ್ಡಗಳು ಜನವರಿಯಲ್ಲಿ ಹಸಿರು. ಫಿಲೊಪಾಪ್ಪೊಸ್ ಗುಡ್ಡದಲ್ಲಿ ಕಾಡು ಅನಿಮೋನಿ ಹೂ ಅರಳುತ್ತದೆ, ಬಾದಾಮಿ ಮರ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ.

ಜನವರಿಯ ನಡುವೆ ಕೆಲವು ದಿನ ಗಾಳಿ ಪೂರ್ತಿ ನಿಂತು, ಬಿಸಿಲು ಕಾಯಿಸಿಕೊಳ್ಳುವ ಹಾಗೆ ಆಗುತ್ತದೆ. ಇಲ್ಲಿಯವರು ಅದಕ್ಕೆ ಆಲ್ಕಿಯೊನಿದೆಸ್ ದಿನಗಳು ಅನ್ನುತ್ತಾರೆ, ಅಂದರೆ ಮಿಂಚುಳ್ಳಿಯ ದಿನಗಳು. ಗಂಡನನ್ನು ಕಡಲಿನಲ್ಲಿ ಕಳೆದುಕೊಂಡ ಆಲ್ಕಿಯೊನಿ ಮಿಂಚುಳ್ಳಿಯಾದಳು, ಅವಳು ಮೊಟ್ಟೆ ಇಟ್ಟು ಕಾವು ಕೊಡಲಿ ಎಂದು ದೇವರು ಅಲೆಗಳನ್ನು ಅಡಗಿಸಿದ ಎಂಬುದು ಕಥೆ. ಪ್ರತಿ ವರ್ಷ ಬರುತ್ತದೆ ಎಂದು ಮಾತು ಕೊಡಲಾರೆ. ಬಂದರೆ ಅಂಥ ದಿನ ಬೇರೆಲ್ಲೂ ಸಿಗದು.

ಉಷ್ಣಾಂಶ ಹಗಲು 13 ಡಿಗ್ರಿ ಆಸುಪಾಸು, ರಾತ್ರಿ 7ರ ಹತ್ತಿರ. ಮಡಿಕೇರಿಯ ಚಳಿ ಕಂಡವರಿಗೆ ಇದು ಹೊಸದಲ್ಲ. ಆದರೆ ಉತ್ತರದ ಗಾಳಿ ಎದ್ದ ದಿನ ಅದೇ 13 ಡಿಗ್ರಿ ಮೂಳೆಗೆ ಇಳಿಯುತ್ತದೆ. ಕಿವಿ ಮುಚ್ಚುವ ಟೊಪ್ಪಿ, ಗಾಳಿ ತಡೆಯುವ ಜಾಕೆಟ್ ತನ್ನಿ. ದಪ್ಪ ಕೋಟಿಗಿಂತ ಅದು ಮುಖ್ಯ.

ಬಸ್ಸು ರೈಲು ನಡಿಗೆ · ಅಕ್ಟೋಬರ್ 10

ಹಣದ ವಿಷಯ ನಾನು ಹೇಳುತ್ತೇನೆ, ಯಾಕಂದ್ರೆ "ಚಳಿಗಾಲ ಅಂದ್ರೆ ಎಲ್ಲಾ ಅರ್ಧ ಬೆಲೆ" ಅನ್ನೋ ಹಳೇ ಲೆಕ್ಕ ಈಗ ನಡೆಯಲ್ಲ.

ಮೊದಲು ಅಕ್ರೊಪೊಲಿಸ್ (ಪಾರ್ಥೆನಾನ್ ಇರುವ ಗುಡ್ಡ) ಟಿಕೆಟ್ ಚಳಿಗಾಲದಲ್ಲಿ ಅರ್ಧಕ್ಕೆ ಸಿಗ್ತಿತ್ತು. 2025ರ ಏಪ್ರಿಲ್‌ನಿಂದ ವರ್ಷಪೂರ್ತಿ 30 ಯೂರೋ. ಏಳೆಂಟು ಜಾಗಕ್ಕೆ ಸೇರಿ ಇದ್ದ ಒಂದೇ ಟಿಕೆಟ್ ಕೂಡ ಹೋಯ್ತು. ಹಳೇ ಲೇಖನ ಓದಿ ಬಜೆಟ್ ಹಾಕಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ಆದರೆ ಆ ದಿನ ಅಕ್ರೊಪೊಲಿಸ್‌ಗೆ ಹೋಗಬೇಡಿ, ಇಡೀ ಊರೇ ಅಲ್ಲಿರುತ್ತೆ. ಅಮ್ಮನನ್ನು ಆ ನೂಕುನುಗ್ಗಲಲ್ಲಿ ನಿಲ್ಲಿಸಬೇಡಿ. ಉಚಿತ ದಿನವನ್ನು ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಇಟ್ಟುಕೊಳ್ಳಿ.

ನಿಜವಾಗಿ ಉಳಿಯೋದು ರೂಮಿನಲ್ಲಿ. ಬಾಡಿಗೆಯ ಜೊತೆಗೆ ಸರ್ಕಾರದ ಹವಾಮಾನ ಶುಲ್ಕ ಅಂತ ದಿನಕ್ಕಿಷ್ಟು ಕಟ್ಟಬೇಕು, ಅದೂ ಸೀಸನ್ನಿಗಿಂತ ನವೆಂಬರ್‌ನಿಂದ ಮಾರ್ಚ್‌ವರೆಗೆ ತುಂಬಾ ಕಮ್ಮಿ. ವಿಮಾನ ನಿಲ್ದಾಣದಿಂದ ಮೆಟ್ರೋ ಮೂರನೇ ಮಾರ್ಗ ಸೀದಾ ಊರ ಮಧ್ಯದ ಸಿಂಟಾಗ್ಮಾಗೆ, ಮುಂದೆ ಪಿರೇಯಸ್‌ಗೂ ಹೋಗುತ್ತೆ. ಸಿಂಟಾಗ್ಮಾಗೆ ಸುಮಾರು ನಲವತ್ತು ನಿಮಿಷ, 9 ಯೂರೋ. ಊರೊಳಗಿನ ಟಿಕೆಟ್ 1.20, ತೊಂಬತ್ತು ನಿಮಿಷ ಬಸ್ಸು, ಮೆಟ್ರೋ ಎಲ್ಲದಕ್ಕೂ ಆಗುತ್ತೆ. ಮೆಟ್ರೋ ತುಂಬಿದ್ದಾಗ ಚೀಲ ಎದೆಗೆ ಒತ್ತಿ ಹಿಡಿದುಕೊಳ್ಳಿ. ಬಾಗಿಲ ಹತ್ತಿರ ನನ್ನ ಪರ್ಸು ಹೋದದ್ದು ಎರಡು ಸೆಕೆಂಡಿನಲ್ಲಿ. ಪಾಸ್‌ಪೋರ್ಟ್ ಒಳಜೇಬಿನಲ್ಲಿ ಇದ್ದದ್ದರಿಂದ ಬಚಾವಾದೆ.

ಮತ್ತೊಂದು, ಪ್ರತಿಭಟನೆಯ ದಿನಗಳು. ನವೆಂಬರ್ 17 (1973ರ ವಿದ್ಯಾರ್ಥಿ ದಂಗೆಯ ನೆನಪು), ಡಿಸೆಂಬರ್ 6 (2008ರಲ್ಲಿ ಪೊಲೀಸ್ ಗುಂಡಿಗೆ ಸತ್ತ ಹುಡುಗನ ನೆನಪು), ಫೆಬ್ರವರಿ 28 (2023ರ ಟೆಂಪಿ ರೈಲು ಅಪಘಾತ, 57 ಜನ ತೀರಿಕೊಂಡರು). ಈ ದಿನಗಳಲ್ಲಿ ಮೆರವಣಿಗೆ ಇರುತ್ತೆ, ಊರ ಮಧ್ಯದ ಮೆಟ್ರೋ ನಿಲ್ದಾಣ ಮುಚ್ಚಬಹುದು. ನೀವು ಜನವರಿಯಲ್ಲಿ ಹೋಗೋದು, ತೊಂದರೆ ಇಲ್ಲ. ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ.

ಕರಾವಳಿ ಮಳೆ · ಅಕ್ಟೋಬರ್ 10

ಇಲ್ಲಿ ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಅನುಭವ ಬೇರೆ. ಫೆಬ್ರವರಿಯಲ್ಲಿ ಸ್ಯಾಂಟೊರಿನಿಗೆ ಹೋಗಿದ್ದೆವು. ಪೋಸ್ಟರಿನಲ್ಲಿ ನೋಡಿದ ಬಿಳಿ ಮನೆ, ನೀಲಿ ಗುಮ್ಮಟ ಎಲ್ಲ ಇತ್ತು. ಆದರೆ ಅಲ್ಲಿನ ಓಯಾ ಎಂಬ ಊರಿನಲ್ಲಿ ಹತ್ತು ಬಾಗಿಲಿಗೆ ಎಂಟು ಮುಚ್ಚಿ, ಬೀದಿ ತುಂಬ ಸಿಮೆಂಟಿನ ಚೀಲ, ಬಣ್ಣದ ಡಬ್ಬ. ಮುಂದಿನ ಸೀಸನ್ನಿಗೆ ಎಲ್ಲರೂ ರಿಪೇರಿ ಮಾಡಿಸುತ್ತಿದ್ದರು. ನಾವು ಕಾದಿರಿಸಿದ್ದ ಜಾಗದವರು ಹಿಂದಿನ ದಿನ ಸಂಜೆ ಫೋನ್ ಮಾಡಿ, ಬಿಸಿನೀರಿನ ಕೆಲಸ ಆಗಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂದರು. ವಾಪಸು ಹೊರಡುವ ದಿನ ಗಾಳಿ ಜೋರಾಗಿ ಹಡಗು ಬಂದ್. ಎರಡು ದಿನ ಅಲ್ಲೇ ಕುಳಿತೆವು, ಮನೆಗೆ ಮರಳುವ ವಿಮಾನ ತಪ್ಪಿತು. ಮಕ್ಕಳ ಪರೀಕ್ಷೆ ಇತ್ತು. ಅಷ್ಟು ಆತಂಕ ನಾನು ಯಾವ ಪ್ರವಾಸದಲ್ಲೂ ಪಟ್ಟಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಈ ಸಾಹಸ ಬೇಡವೇ ಬೇಡ ಅನ್ನುತ್ತೇನೆ.

ಪಿರೇಯಸ್‌ನಿಂದ ಕಾರ್ಕಳದವ · ಅಕ್ಟೋಬರ್ 10

ನಿಮಗೆ ಆದ ಕಷ್ಟ ನಿಜ, ನನ್ನ ಕೆಲಸವೇ ಹಡಗಿನದ್ದು, ಅದು ಎಷ್ಟು ಸಲ ಆಗುತ್ತದೆ ಎಂದು ನನಗೆ ಗೊತ್ತು. ಗಾಳಿ 8, 9 ಬೊಫೋರ್ಟ್ (ಗಾಳಿಯ ಬಲದ ಅಳತೆ) ಮುಟ್ಟಿತೆಂದರೆ ಬಂದರಿನವರು ಹಡಗು ಬಿಡುವುದಿಲ್ಲ. ಅದಕ್ಕೆ ಅಪಾಗೊರೆಫ್ತಿಕೊ ಅನ್ನುತ್ತಾರೆ, ನಿಷೇಧ ಅಂತ. ನಮ್ಮ ಮಲ್ಪೆಯಲ್ಲಿ ಜೂನ್ ಜುಲೈ ಕಡಲಿಗೆ ಇಳಿಯದ ಹಾಗೆಯೇ, ಇಲ್ಲಿ ಮಾತ್ರ ಎರಡು ತಿಂಗಳ ಬದಲು ಒಂದೊಂದು ದಿನ, ಎರಡೆರಡು ದಿನ ಬರುತ್ತದೆ.

ಹಾಗಾಗಿ ಚಳಿಗಾಲದ ಅಥೆನ್ಸ್‌ಗೆ ದೂರದ ದ್ವೀಪ ಗಂಟು ಹಾಕುವುದು ಬೇಡ. ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸ್ಯಾಂಟೊರಿನಿಯೇ ಬೇಕು ಅಂದರೆ ಮೇ ತಿಂಗಳಿಗೆ ಬನ್ನಿ. ಕಡಲ ಮೇಲೆ ಹೋಗುವ ಆಸೆ ಇದ್ದರೆ ಪಿರೇಯಸ್‌ನಿಂದ ಎಜಿನಾ ಇದೆ. ದೊಡ್ಡ ಹಡಗಿನಲ್ಲಿ ಒಂದೂಕಾಲು ಗಂಟೆ. ಜನ ವರ್ಷವಿಡೀ ವಾಸ ಇರುವ ದ್ವೀಪ, ಹೋಟೆಲು, ಅಂಗಡಿ ತೆರೆದಿರುತ್ತವೆ. ಪಿಸ್ತಾಕ್ಕೆ ಹೆಸರಾದ ಜಾಗ, ಗುಡ್ಡದ ಮೇಲೆ ಅಫೈಯಾ ದೇವತೆಯ ಹಳೆಯ ಗುಡಿ. ಗಾಳಿ ಇಲ್ಲದ ದಿನ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಆದರೆ ನಿಮ್ಮ ವಿಮಾನದ ಹಿಂದಿನ ದಿನ ಮಾತ್ರ ಯಾವ ದ್ವೀಪಕ್ಕೂ ಹೋಗಬೇಡಿ.

ಧಾರವಾಡದ ಮಂದಿ · ಅಕ್ಟೋಬರ್ 11

ತಂಗಿ, ಒಂದ್ ಮಾತ್ ಯಾರೂ ಹೇಳಿಲ್ಲ ನೋಡ್ರಿ. ಮನಿಯೊಳಗಿನ ಚಳಿ. ಹೊರಗ ಬಿಸಿಲಿದ್ರೂ ಒಳಗ ತಣ್ಣಗ ಕೊರೀತೈತಿ. ಅಲ್ಲಿ ನೆಲ ಎಲ್ಲಾ ಅಮೃತಶಿಲೆ ಇಲ್ಲಾ ಟೈಲ್ಸ್. ಹಳೇ ಅಪಾರ್ಟ್‌ಮೆಂಟಿನ್ಯಾಗ ಇಡೀ ಕಟ್ಟಡಕ್ಕ ಒಂದ್ ಬಾಯ್ಲರ್ ಇರ್ತೈತಿ. ಮುಂಜಾನೆ ಒಂದಿಷ್ಟು ಹೊತ್ತು, ಸಂಜಿಮುಂದ ಒಂದಿಷ್ಟು ಹೊತ್ತು ಹಚ್ಚತಾರ, ಆಮ್ಯಾಲೆ ಬಂದ್. ನಡುರಾತ್ರಿ ಚಳಿ ಆತಂದ್ರ ನಿಮ್ಮ ಕೈಯಾಗ ಏನೂ ಇಲ್ಲ. ನಾ ಒಂದ್ ಸೆಮಿನಾರಿಗೆ ಹೋಗಿ ಬಾಡಿಗಿ ಮನ್ಯಾಗ ಇದ್ದೆ, ಮೂರ್ ರಾತ್ರಿ ಸ್ವೆಟರ್ ಹಾಕ್ಕೊಂಡ ಮಲಗೇನಿ. ಮನಿ ಹಿಡಿಯೂಮುಂದ ಒಂದ ಪ್ರಶ್ನೆ ಕೇಳ್ರಿ: "ಹೀಟರ್ ನಮ್ಮ ಕೈಯಾಗ ಇರ್ತೈತೇನು, ಕಟ್ಟಡದವರ ಕೈಯಾಗೇನು?" ಎ.ಸಿ. ಯಂತ್ರದಾಗ ಬಿಸಿಗಾಳಿ ಬರ್ತೈತಂದ್ರ ಸಾಕು. ಅಪ್ಪಾವ್ರಿಗೆ ಅವ್ವಾವ್ರಿಗೆ ಮನ್ಯಾಗ ಹಾಕ್ಕೊಳ್ಳಾಕ ದಪ್ಪ ಕಾಲುಚೀಲ, ಚಪ್ಪಲಿ ಒಯ್ರಿ.

ಮತ್ತ ಹಿಮ ಬೀಳತೈತೇನು ಅಂತ ಕೇಳಬಹುದು. ದಿನಾ ಬೀಳೂದಿಲ್ಲ. ಆದ್ರ 2021ರ ಫೆಬ್ರುವರಿ, 2022ರ ಜನವರಿ ಎರಡೂ ಸಲ ಅಕ್ರೊಪೊಲಿಸ್ ಬೆಳ್ಳಗಾಗಿತ್ತು. 2022ರಾಗ ಹೆದ್ದಾರಿ ಮ್ಯಾಲೆ ಸಾವಿರಾರು ಗಾಡಿ ರಾತ್ರಿಯೆಲ್ಲಾ ಸಿಕ್ಕಾಕೊಂಡಿದ್ವು. ಹಂಗ ಆದ್ರ ಆ ದಿನ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ, ಅಷ್ಟ.

ಸೊಪ್ಪುಸಾರು · ಅಕ್ಟೋಬರ್ 11

ಊಟದ ಬಗ್ಗೆ ಬರೆಯಲು ಕಾಯುತ್ತಿದ್ದೆ! ಓದಲೆಂದು ಹೋಗಿ ಒಂದು ಇಡೀ ಚಳಿಗಾಲ ಅಲ್ಲಿದ್ದೆ. ಸಸ್ಯಾಹಾರಿಗೆ ಅಲ್ಲಿ ಒಳ್ಳೆಯ ಕಾಲ ಅಂದರೆ ಚಳಿಗಾಲವೇ.

ಮಳೆ ಬಿದ್ದ ಮೇಲೆ ಗುಡ್ಡದಲ್ಲೆಲ್ಲ ಕಾಡುಸೊಪ್ಪು ಚಿಗುರುತ್ತದೆ. ಹೆಂಗಸರು ಚಾಕು, ಚೀಲ ಹಿಡಿದು ಕೊಯ್ಯಲು ಹೋಗುತ್ತಾರೆ. ನಮ್ಮ ಹಾಸನ, ಮಂಡ್ಯದ ಕಡೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೊಯ್ಯುವ ಹಾಗೇ! ಅದಕ್ಕೆ ಹೋರ್ತಾ ಅನ್ನುತ್ತಾರೆ. ಬೇಯಿಸಿ, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಾಕಿ ಕೊಡುತ್ತಾರೆ, ಅಷ್ಟೇ. ಸ್ವಲ್ಪ ಕಹಿ ಇರುತ್ತದೆ, ಎರಡನೇ ದಿನಕ್ಕೆ ರುಚಿ ಹತ್ತುತ್ತದೆ. ಎಣ್ಣೆಯೂ ಹೊಸದು, ಆಲಿವ್ ಕೊಯ್ಲು ನಡೆಯೋದೇ ನವೆಂಬರ್, ಡಿಸೆಂಬರ್, ಜನವರಿಯಲ್ಲಿ. ಹಸಿರು ಬಣ್ಣ, ಗಂಟಲಿಗೆ ಸ್ವಲ್ಪ ಖಾರ ಹೊಡೆಯುತ್ತದೆ.

ಫಾಸೊಲಾದಾ ಅಂದರೆ ಬಿಳಿ ಅವರೆಯಂಥ ಕಾಳಿನ ಸಾರು, ಕ್ಯಾರೆಟ್, ಸೆಲರಿ, ಟೊಮೆಟೊ ಹಾಕಿರುತ್ತಾರೆ. ಫಾವಾ ಅಂದರೆ ಹಳದಿ ಬೇಳೆ ನುಣ್ಣಗೆ ಬೇಯಿಸಿ ಮೇಲೆ ಈರುಳ್ಳಿ, ಎಣ್ಣೆ. ಅಮ್ಮನಿಗೆ ಅದು ತೊವ್ವೆ ಅನ್ನಿಸುತ್ತದೆ ನೋಡಿ. ರವೆಯ ಹಲ್ವಾ ಕೂಡ ಇದೆ. ಅಲ್ಲಿಯ ಅಜ್ಜಿಯರ ಅಳತೆ ಎಲ್ಲರಿಗೂ ಬಾಯಿಪಾಠ: ಒಂದು ಲೋಟ ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ತುಪ್ಪದ ಬದಲು ಎಣ್ಣೆ ಅನ್ನೋದು ಬಿಟ್ಟರೆ ನಮ್ಮ ಸಜ್ಜಿಗೆಯೇ.

ಎರಡು ಪದ ಕಲಿತುಕೊಳ್ಳಿ. ಒಂದು "ನಿಸ್ತಿಸಿಮೊ", ಅಂದರೆ ಉಪವಾಸದ ಅಡುಗೆ. ಆರ್ಥೊಡಾಕ್ಸ್ ಕ್ರೈಸ್ತರು ಕ್ರಿಸ್‌ಮಸ್‌ಗೆ ಮುಂಚೆ ನಲವತ್ತು ದಿನ, ಈಸ್ಟರ್‌ಗೆ ಮುಂಚೆ ಇನ್ನೂ ಕಟ್ಟುನಿಟ್ಟಾಗಿ, ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಹಾಗಾಗಿ ಬೇಕರಿಯವರಿಗೂ ಈ ಪದ ಗೊತ್ತು. ಆದರೆ ಎಚ್ಚರ, ಅವರ ಉಪವಾಸದಲ್ಲಿ ಸಿಗಡಿ, ಬೊಂಡಾಸ, ಆಕ್ಟೋಪಸ್ ನಡೆಯುತ್ತದೆ! ಅದಕ್ಕೇ ಎರಡನೇ ಪದ "ಹೋರ್ತೊಫಾಗೊಸ್", ಸೊಪ್ಪು ತಿನ್ನುವವರು, ಸಸ್ಯಾಹಾರಿ. ಎರಡನ್ನೂ ಸೇರಿಸಿ ಹೇಳಿದರೆ ಮೊಟ್ಟೆಯೂ ಬರುವುದಿಲ್ಲ, ಮೀನೂ ಬರುವುದಿಲ್ಲ. ತುಂಬ ಮಡಿಯವರಾದರೆ ಫೆಟಾ ಚೀಸ್ ಬಿಡಿ, ಸಾಂಪ್ರದಾಯಿಕವಾಗಿ ಅದಕ್ಕೆ ಕುರಿ, ಮೇಕೆ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ.

ಅಡುಗೆಮನೆ ಇರುವ ಮನೆ ಹಿಡಿಯಿರಿ. ಒಮೋನಿಯಾ ಚೌಕದ ಹಿಂದಿನ ಬೀದಿಗಳಲ್ಲಿ ಬಾಂಗ್ಲಾ, ಪಾಕಿಸ್ತಾನದವರ ಅಂಗಡಿಗಳಿವೆ. ಬೇಳೆ, ಅಕ್ಕಿ, ಅರಿಶಿನ ಸಿಗುತ್ತದೆ. ಸಾರಿನಪುಡಿ ಮಾತ್ರ ಮನೆಯಿಂದಲೇ.

ಮೈಸೂರಿನ ಮಗಳು · ಅಕ್ಟೋಬರ್ 12

ಒಬ್ಬೊಬ್ಬರೂ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಓದುತ್ತಾ ಕಣ್ಣು ತುಂಬಿತು. ಸ್ಯಾಂಟೊರಿನಿ ಬಿಟ್ಟೆ. ಹೋಗೋದು ಅಥೆನ್ಸ್ ಒಂದಕ್ಕೇ, ಹತ್ತು ದಿನ. ಹೀಟರ್ ಪ್ರಶ್ನೆ ಮೂರು ಮನೆಯವರಿಗೆ ಕಳಿಸಿದೆ, ಇಬ್ಬರು ಕಟ್ಟಡದವರ ಕೈಯಲ್ಲಿ ಅಂದರು. ಮೂರನೆಯದು ಸಿಕ್ಕಿತು.

ವೀಸಾಗೆ ಯಾವಾಗ ಹಾಕಲಿ? ಅಮ್ಮ ಅಕ್ರೊಪೊಲಿಸ್ ಹತ್ತಬಲ್ಲರಾ?

ಬಸ್ಸು ರೈಲು ನಡಿಗೆ · ಅಕ್ಟೋಬರ್ 12

ಗ್ರೀಸಿಗೂ ಯುರೋಪಿನ ಇನ್ನೂ ಹಲವು ದೇಶಕ್ಕೂ ಆಗುವ ಷೆಂಗೆನ್ ವೀಸಾಗೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಕೊನೆಗೆ ಹದಿನೈದು ದಿನ ಮುಂಚೆ ಆದರೂ ಹಾಕಿರಬೇಕು. ಆದರೆ ಕೊನೇ ಗಡುವು ನಂಬಬೇಡಿ. ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಈಗಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಖರ್ಚು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು. ಅಪ್ಪನ ಪಿಂಚಣಿ ಪುಸ್ತಕ, ನೀವು ಖರ್ಚು ಭರಿಸುತ್ತೀರಿ ಅನ್ನೋ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಒಟ್ಟಿಗೆ ಇಡಿ.

ಪಿರೇಯಸ್‌ನಿಂದ ಕಾರ್ಕಳದವ · ಅಕ್ಟೋಬರ್ 13

ಅಮ್ಮನವರು ಹತ್ತಬಹುದು, ಅವಸರ ಮಾಡದಿದ್ದರೆ. ದಕ್ಷಿಣದ ಬಾಗಿಲಿನಿಂದ ಹೋಗಿ, ಅಕ್ರೊಪೊಲಿ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ದಾರಿಯಲ್ಲಿ ಡಯೊನೈಸಸ್ ರಂಗಮಂದಿರ ಸಿಗುತ್ತದೆ, ಅಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಗಾಲಿಕುರ್ಚಿಯವರಿಗೆ ಗುಡ್ಡದ ಇನ್ನೊಂದು ಬದಿಯಲ್ಲಿ ಲಿಫ್ಟ್ ಇದೆ.

ಮಳೆ ಬಿದ್ದ ದಿನ ಮಾತ್ರ ಹತ್ತಬೇಡಿ. ಎರಡೂವರೆ ಸಾವಿರ ವರ್ಷ ಕಾಲು ಸವೆಸಿದ ಕಲ್ಲು ಅದು, ಒದ್ದೆಯಾದರೆ ಪಾಚಿ ಕಟ್ಟಿದ ಅಂಗಳದ ಹಾಗೆ ಜಾರುತ್ತದೆ. ರಬ್ಬರ್ ತಳದ ಬೂಟು ಬೇಕೇ ಬೇಕು. ಊರೊಳಗೂ ಕೆಳಗೆ ನೋಡಿ ನಡೆಯಿರಿ. ಫುಟ್‌ಪಾತ್ ಒಡೆದಿರುತ್ತದೆ. ಬೀದಿಬದಿಯಲ್ಲೆಲ್ಲ ಕಹಿ ಕಿತ್ತಳೆ ಮರಗಳು, ಜನವರಿಯಲ್ಲಿ ಹಣ್ಣು ತುಂಬಿ ಉದುರಿ ಕೊಳೆಯುತ್ತಿರುತ್ತವೆ. ನೋಡಲು ಬಹಳ ಚಂದ, ಕಿತ್ತು ತಿಂದರೆ ಬಾಯಿ ಕೆಡುತ್ತದೆ. ಸಕ್ಕರೆಪಾಕದಲ್ಲಿ ಹಾಕಿಟ್ಟದ್ದನ್ನು ಅಂಗಡಿಯಲ್ಲಿ ಮಾರುತ್ತಾರೆ, ಅದು ತಿನ್ನಿ.

ದಿನದ ಲೆಕ್ಕ ಬೇಗ ಶುರು ಮಾಡಿ. ಅಕ್ರೊಪೊಲಿಸ್ ಚಳಿಗಾಲದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಸೂರ್ಯ ಐದೂಕಾಲು, ಐದೂವರೆಗೆ ಮುಳುಗಿಬಿಡುತ್ತಾನೆ. ಸಣ್ಣ ಸ್ಮಾರಕಗಳು ಕೆಲವು ಮಧ್ಯಾಹ್ನ ಮೂರಕ್ಕೇ ಮುಚ್ಚುವುದುಂಟು, ಹಿಂದಿನ ದಿನ ಸಮಯ ನೋಡಿಕೊಳ್ಳಿ. ಬಯಲಿನದ್ದೆಲ್ಲ ಬೆಳಿಗ್ಗೆ, ವಸ್ತುಸಂಗ್ರಹಾಲಯ ಮಧ್ಯಾಹ್ನದ ಮೇಲೆ, ಮಳೆ ಬಂದ ದಿನ ಪೂರ್ತಿ ಒಳಗೆ.

ಇನ್ನೊಂದು ಮಾತು. 2023ರ ಜುಲೈಯಲ್ಲಿ ಬಿಸಿಲಿನ ಝಳಕ್ಕೆ ಮಧ್ಯಾಹ್ನದ ಹೊತ್ತು ಅಕ್ರೊಪೊಲಿಸ್ಸನ್ನೇ ಮುಚ್ಚಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಿಂದ ದಿನಕ್ಕೆ 20,000 ಜನ ಎಂದು ಮಿತಿ ಹಾಕಿ, ಗಂಟೆಗಂಟೆಗೆ ಟಿಕೆಟ್ ಮಾಡಿದರು. ಆ ಬಿಸಿಲಲ್ಲಿ, ಆ ಜನದಲ್ಲಿ 63 ವರ್ಷದ ಅಮ್ಮನನ್ನು ಹತ್ತಿಸುವುದು ನನಗೆ ಚಳಿಗಾಲದ ಗಾಳಿಗಿಂತ ಹೆಚ್ಚು ಭಯ. ನನ್ನ ಅಮ್ಮ ಬಂದದ್ದು ಜೂನಿನಲ್ಲಿ. ಅರ್ಧ ದಾರಿಯಲ್ಲಿ ತಲೆ ಸುತ್ತಿ ಕುಳಿತರು, ಮೇಲೆ ಹತ್ತಲೇ ಇಲ್ಲ. ಅವರು ಈಗಿಲ್ಲ. ನಾನು ಜನವರಿಯಲ್ಲಿ ಕರೆಸಬೇಕಿತ್ತು.

ಕನ್ನಡ ಮೇಷ್ಟ್ರು · ಅಕ್ಟೋಬರ್ 14

ಮಗಳೇ, ನಿನ್ನ ತಂದೆಯವರ ಹಾಗೆ ನಾನೂ ನಿವೃತ್ತ. ಐದು ವರ್ಷದ ಕೆಳಗೆ ಡಿಸೆಂಬರಿನಲ್ಲಿ ಮಗನ ಜೊತೆ ಹೋಗಿದ್ದೆ. ಆ ಡಯೊನೈಸಸ್ ರಂಗಮಂದಿರವನ್ನು ದಾರಿಯ ಜಗಲಿ ಎಂದು ದಾಟಿ ಹೋಗಬೇಡಿ. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕಗಳು ಆಡಿದ್ದು ಅಲ್ಲಿ. ಅವನು ಬರೆದ, ಗ್ರೀಕ್ ವೀರ ಅಯಾಸನ ಕಥೆಯನ್ನು ಬಿ.ಎಂ.ಶ್ರೀ ಅವರು ಮಹಾಭಾರತಕ್ಕೆ ತಂದು 'ಅಶ್ವತ್ಥಾಮನ್' ಮಾಡಿದರು. ಎಷ್ಟೋ ವರ್ಷ ಅದನ್ನು ಪಾಠ ಮಾಡಿದವನು ನಾನು. ಮುಂದಿನ ಸಾಲಿನಲ್ಲಿ ಪುರೋಹಿತರಿಗೆಂದು ಕಡೆದ ಅಮೃತಶಿಲೆಯ ಪೀಠಗಳು ಈಗಲೂ ಇವೆ. ಆ ದಿನ ಬೆಳಿಗ್ಗೆ ಅಲ್ಲಿ ನಾವಿಬ್ಬರು, ಎರಡು ಬೆಕ್ಕು, ಅಷ್ಟೇ. ನಾನು ನಿಂತು ನೆನಪಿದ್ದ ಹತ್ತು ಸಾಲು ಹೇಳಿದೆ. ಕಾವಲಿನ ಹೆಂಗಸು ದೂರದಿಂದ ಕೇಳಿಸಿಕೊಂಡು, ಮುಗಿದ ಮೇಲೆ ತಲೆಬಾಗಿದಳು. ಬೇಸಿಗೆಯ ಸಂತೆಯಲ್ಲಿ ಅದು ಸಾಧ್ಯವಿತ್ತೇ?

ತಂದೆಯವರನ್ನು ಒಂದು ಗಳಿಗೆ ಅಲ್ಲಿ ಕೂರಿಸು.

ಸೊಪ್ಪುಸಾರು · ಅಕ್ಟೋಬರ್ 14

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಅಕ್ಕ, ಜನವರಿ 6 ನಿಮ್ಮ ದಿನಗಳಲ್ಲೇ ಬರುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಅಂದು ಪಿರೇಯಸ್ ಬಂದರಿನಲ್ಲಿ ನೀರಿಗೆ ಆಶೀರ್ವಾದ ಮಾಡುತ್ತಾರೆ. ಪಾದ್ರಿ ಶಿಲುಬೆಯನ್ನು ಕಡಲಿಗೆ ಎಸೆಯುತ್ತಾರೆ, ಆ ಚಳಿಯಲ್ಲಿ ಹುಡುಗರು ಧುಮುಕಿ ಹಿಡಿದು ತರುತ್ತಾರೆ. ರಜಾ ದಿನ, ಅಂಗಡಿ ಮುಚ್ಚಿರುತ್ತದೆ, ತರಕಾರಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಮೈಸೂರಿನ ಮಗಳು · ಜನವರಿ 19

ಹೋಗಿ ಬಂದೆವು. ಎಲ್ಲರಿಗೂ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತೆ.

ಹತ್ತು ದಿನದಲ್ಲಿ ಮೂರು ದಿನ ಮಳೆ. ಮೊದಲನೆಯದೇ ನಾವು ಇಳಿದ ಮಾರನೇ ದಿನ, ಅದೂ ತಿಂಗಳ ಮೊದಲ ಭಾನುವಾರ. ನಡಿಗೆಯವರು ಹೇಳಿದ ಹಾಗೆ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದೆವು. ಆಂಟಿಕಿಥೆರಾ ಯಂತ್ರದ ಮುಂದೆ ಅಪ್ಪ ಮುಕ್ಕಾಲು ಗಂಟೆ ನಿಂತರು. 1901ರಲ್ಲಿ ಮುಳುಗಿದ ಹಡಗಿನಿಂದ ಸ್ಪಂಜು ತೆಗೆಯುವವರು ಎತ್ತಿದ ಕಂಚಿನ ತುಂಡುಗಳು, ಉಳಿದಿರುವುದು ಮೂವತ್ತು ಹಲ್ಲುಚಕ್ರ. ಗ್ರಹಣ ಯಾವಾಗ ಅಂತ ಹೇಳುತ್ತಿದ್ದ ಯಂತ್ರ ಅಂತ ಓದಿದ ಮೇಲೆ ಅಪ್ಪ ಅಮ್ಮನಿಗೆ, "ನೋಡು, ಕೈಯಲ್ಲಿ ತಿರುಗಿಸುವ ಪಂಚಾಂಗ" ಅಂದರು.

ಅಕ್ರೊಪೊಲಿಸ್‌ಗೆ ಹತ್ತಿದ್ದು ನಾಲ್ಕನೇ ದಿನ, ಬೆಳಿಗ್ಗೆ ಎಂಟೂಕಾಲಿಗೆ, ದಕ್ಷಿಣದ ಬಾಗಿಲಿನಿಂದ. ರಂಗಮಂದಿರದಲ್ಲಿ ಅಮ್ಮ ಇಪ್ಪತ್ತು ನಿಮಿಷ ಕುಳಿತರು. ಮೇಷ್ಟ್ರೇ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಒಂದು ಪೀಠದ ಮುಂದೆ ಸುಮ್ಮನೆ ನಿಂತರು. ಮೇಲೆ ಗಾಳಿ ಇತ್ತು, ಟೊಪ್ಪಿ ಇಲ್ಲದಿದ್ದರೆ ಹತ್ತು ನಿಮಿಷವೂ ಆಗುತ್ತಿರಲಿಲ್ಲ. ಜನ ಇದ್ದರು, ಆದರೆ ಸುತ್ತ ಒಂದು ಸುತ್ತು ಆರಾಮಾಗಿ ಬರಬಹುದಿತ್ತು. ಅಪ್ಪ ಬಂದರು, ಎಣಿಸುತ್ತಾ. ಒಡೆದದ್ದು, ಅರ್ಧ ನಿಂತದ್ದು, ಇಲ್ಲದ್ದರ ಜಾಗ ಎಲ್ಲ ಸೇರಿಸಿ 46. "ಮೂಲೆಯ ಕಂಬ ಎರಡೂ ಸಾಲಿಗೆ ಸೇರುತ್ತೆ, ಮಕ್ಕಳು ಯಾವಾಗಲೂ 50 ಅಂತ ಬರೆದು ಒಂದು ಅಂಕ ಕಳಕೊಳ್ಳೋರು" ಅಂದರು. ದಕ್ಷಿಣದ ಬದಿಯಲ್ಲಿ ಕಲ್ಲಿನ ರಾಶಿ ತೋರಿಸಿ, 1687ರಲ್ಲಿ ಒಳಗೆ ಮದ್ದು ತುಂಬಿಟ್ಟಿದ್ದಾಗ ವೆನಿಸಿನವರ ಗುಂಡು ಬಿದ್ದ ಕಥೆ ಅಮ್ಮನಿಗೆ ಹೇಳಿದರು. ನಾನು ಹೈಸ್ಕೂಲಿನಲ್ಲಿ ಅವರ ಪಾಠ ಕೇಳಿದವಳಲ್ಲ, ಬೇರೆ ಶಾಲೆ. ಅವತ್ತು ಕೇಳಿದೆ.

ಕೆಳಗಿನ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯದಲ್ಲಿ ಗುಡ್ಡದ ಮೇಲಿನ ಇನ್ನೊಂದು ಗುಡಿಯ ಚಾವಣಿ ಹೊತ್ತ ಹೆಂಗಸರ ಮೂಲ ಪ್ರತಿಮೆಗಳು ಐದಿವೆ. ಆರನೆಯವಳು ಲಂಡನ್ನಿನಲ್ಲಿ. ಅವಳ ಜಾಗ ಖಾಲಿ ಬಿಟ್ಟಿದ್ದಾರೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ನೆನಪಿರೋದು ಆ ಖಾಲಿ ಜಾಗ.

ಜನವರಿ 6ರಂದು ಪಿರೇಯಸ್‌ಗೆ ಹೋದೆವು. ಕಾರ್ಕಳದ ಅಣ್ಣ ಬಂದು ಜೊತೆಗೆ ನಿಂತರು, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು, ಫಿಲ್ಟರ್ ಕಾಫಿ! ಆಮೇಲೆ ಚರ್ಚಿನಲ್ಲಿ ಆಶೀರ್ವದಿಸಿದ ನೀರನ್ನು ಜನ ಬಾಟಲಿಯಲ್ಲಿ ಹಿಡಿದು ಮನೆಗೆ ಒಯ್ಯುತ್ತಿದ್ದರು. ಅಮ್ಮ ನೋಡಿ, "ತೀರ್ಥ" ಅಂದರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಅಮ್ಮನ ಕೈಗೂ ಸ್ವಲ್ಪ ಹಾಕಿದರು. ಅಮ್ಮ ಮೂರು ಸಲ ತಗೊಂಡು ತಲೆಗೆ ಸವರಿಕೊಂಡರು.

ಕಷ್ಟವೂ ಆಯಿತು, ಅದನ್ನೂ ಹೇಳುತ್ತೇನೆ. ಏಳನೇ ದಿನ ಕಿತ್ತಳೆ ಹಣ್ಣಿನ ಮೇಲೆ ಕಾಲಿಟ್ಟು ಅಮ್ಮ ಜಾರಿದರು. ಬೀಳಲಿಲ್ಲ, ಮಂಡಿ ಹಿಡಿದುಕೊಂಡಿತು. ಎರಡು ದಿನ ಮನೆಯಲ್ಲೇ. ಕಡಲಂಚಿನ ಹಳೆಯ ಗುಡಿ ಇರುವ ಸೂನಿಯನ್‌ಗೆ ಹೋಗೋದು ಬಿಟ್ಟೆವು, ಎಜಿನಾಗೂ ಹೋಗಲಿಲ್ಲ, ಆ ದಿನ ಗಾಳಿ. ನನಗೆ ಬೇಜಾರಾಗಿತ್ತು. ಅಮ್ಮ ಮಾತ್ರ ಬಾಲ್ಕನಿಯ ಬಿಸಿಲಲ್ಲಿ ಕೂತು ಎದುರು ಮನೆಯವರು ಜಮಖಾನ ಒದರುವುದು, ಕೆಳಗಿನ ಬೀದಿಯಲ್ಲಿ ತರಕಾರಿ ಸಂತೆ ನೋಡುತ್ತಾ ಕಾಲ ಕಳೆದರು. ಅಪ್ಪ ಒಬ್ಬರೇ ಇಳಿದು ಹೋಗಿ, ಸನ್ನೆಯಲ್ಲೇ ಮಾತಾಡಿ, ಒಂದು ಕಟ್ಟು ಕಾಡುಸೊಪ್ಪು ತಂದರು. ಸೊಪ್ಪುಸಾರಿನ ತಂಗಿ, ಅದಕ್ಕೆ ಬೇಳೆ ಹಾಕಿ ನಮ್ಮ ಪುಡಿಯಲ್ಲಿ ಸಾರು ಮಾಡಿದೆವು. ಕಹಿ ಇತ್ತು. ಪಾತ್ರೆ ಖಾಲಿಯಾಯಿತು.

ಕರಾವಳಿ ಮಳೆ · ಜನವರಿ 19

ಓದಿ ಸಂತೋಷವಾಯಿತು. ಅಮ್ಮನವರ ಕಾಲು ಈಗ ಹೇಗಿದೆ? ನಾನು ದ್ವೀಪದ ಬೇಸರವನ್ನು ಊರಿನ ಮೇಲೆ ಹಾಕಿದ್ದೆ ಅನ್ನಿಸುತ್ತಿದೆ. ಅಥೆನ್ಸಿನಲ್ಲಿ ನಾವು ಇದ್ದದ್ದು ಒಂದೇ ರಾತ್ರಿ, ಅದೂ ಹಡಗಿಗೆ ಕಾಯುತ್ತಾ. ಮಕ್ಕಳ ಜೊತೆ ಮತ್ತೊಮ್ಮೆ ಹೋಗುವುದಾದರೆ ಎಷ್ಟು ದಿನ ಇಟ್ಟುಕೊಳ್ಳಲಿ?

ಮೈಸೂರಿನ ಮಗಳು · ಜನವರಿ 20

ಕಾಲು ವಾಸಿ, ಕೇಳಿದ್ದಕ್ಕೆ ಥ್ಯಾಂಕ್ಸ್. ಮಕ್ಕಳಿದ್ದರೆ ಆರು ದಿನ ಇಟ್ಟುಕೊಳ್ಳಿ, ಅದರಲ್ಲಿ ಎರಡು ಮಳೆಗೆ ಅಂತ ಬಿಟ್ಟಿಡಿ.

ಒಂದು ಹೇಳೋದು ಮರೆತಿದ್ದೆ. ಅಥಿನಾಸ್ ಬೀದಿಯ ದೊಡ್ಡ ಮಾರುಕಟ್ಟೆ ಪಕ್ಕದಲ್ಲಿ ಎವ್ರಿಪಿಡು ಅನ್ನೋ ಬೀದಿ ಇದೆ, ಸಾಲಾಗಿ ಮಸಾಲೆ ಅಂಗಡಿಗಳು. ಅಲ್ಲಿ ಪಸ್ತೇಲಿ ಸಿಗುತ್ತೆ, ಎಳ್ಳು, ಜೇನುತುಪ್ಪ ಕಾಯಿಸಿ ತಟ್ಟಿದ ಚಿಕ್ಕಿ. ಅಮ್ಮ ಎರಡು ಕೆ.ಜಿ. ಕಟ್ಟಿಸಿದರು. ಬಂದ ಮಾರನೇ ದಿನವೇ ಸಂಕ್ರಾಂತಿ, ಎಳ್ಳು ಬೆರೆಸಲು ಟೈಮೇ ಇರಲಿಲ್ಲ. ಈ ಸಲ ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಕಬ್ಬಿನ ಜೊತೆ ಹೋದದ್ದು ಅದೇ.